ಪಂಕ್ತಿಭೇದವೋ, ನ್ಯಾಯವೋ?

ಒಂದು ತರಗತಿಯಲ್ಲಿ ನಲವತ್ತು ಮಕ್ಕಳು ಒಂದೇ ಪಾಠವನ್ನು ಓದುತ್ತಿರುವಾಗ ಅವರಲ್ಲೊಬ್ಬನಿಗೆ ಮಾತ್ರ ಆ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರವನ್ನು ಕೊಟ್ಟರೆ ಅದು ನ್ಯಾಯವೇ? ಉಳಿದ ಮಕ್ಕಳ ತಂದೆತಾಯಿಗಳು ಹೀಗೆ ಕೇಳಿದರೆ ನಾವು ಸಿಟ್ಟಾಗಬೇಕಾಗಿಲ್ಲ. ಸಮತೆಗೆ ಬೆಲೆ ಕೊಡುವ ಸಮಾಜದಲ್ಲಿಯೇ ಇಂಥ ಪ್ರಶ್ನೆ ಏಳುವುದು. ಆದರೆ ಇದಕ್ಕೆ ಅವಸರದ ಉತ್ತರ ಸಲ್ಲದು. ವಾಚಕರು ತಾಳ್ಮೆಯಿಂದ ವಿಚಾರಿಸಬೇಕೆಂದು ಬಿನ್ನಹ.

ಮೊದಲು ಆ ಮಗುವನ್ನು ಅರಿಯೋಣ. ಮಾತಿನಲ್ಲಿ ಚುರುಕಾದ, ಕೇಳಿದ ಕಥೆಯನ್ನು ಕೇಳಿದಂತೆಯೇ ಹೇಳಬಲ್ಲ ಮಗು ಪುಸ್ತಕ ತೆರೆದೊಡನೆ ತಡವರಿಸುವುದುಂಟು. 1896ರಲ್ಲಿ ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಅವರು ಇಂಥ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವಂತಿದ್ದರೆ ಶಾಲೆಗೆಲ್ಲ ಅವನೇ ಜಾಣನೆನಿಸುತ್ತಿದ್ದನೆಂದು ಅವನ ಉಪಾಧ್ಯಾಯರೇ ಹೇಳಿದ್ದರಂತೆ. ಈ ತೊಡಕನ್ನು ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇದು ದಡ್ಡತನವಲ್ಲ, ಸೋಮಾರಿತನವಲ್ಲ. ಬಹುಪಾಲು ಮಕ್ಕಳಲ್ಲಿ ಇದು ಕಣ್ಣಿನ ದೋಷವೂ ಅಲ್ಲ; ಆಡುವ ಮಾತನ್ನು ಧ್ವನಿಗಳಾಗಿ ಬಿಡಿಸಿ, ಅವುಗಳನ್ನು ಬರೆದ ಅಕ್ಷರಗಳೊಡನೆ ಬೆಸೆಯುವಲ್ಲಿ ಮಿದುಳಿಗೆ ಉಂಟಾಗುವ ಕಷ್ಟ.

ಕನ್ನಡವನ್ನು ನುಡಿದಂತೆ ಬರೆಯುವುದರಿಂದ ನಮ್ಮ ಮಕ್ಕಳಿಗೆ ಈ ಬಾಧೆಯಿಲ್ಲವೆಂದು ನಂಬಿದವರಿದ್ದಾರೆ. ಆದರೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ‘ದ’ ಮತ್ತು ‘ಧ’ಗಳ ನಡುವೆ ಇರುವುದು ಒಂದು ಸಣ್ಣ ಸೀಳು ಮಾತ್ರ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿ, ಅದರ ಗುರುತನ್ನು ಯಕಾರದ ಮುಂದೆ ಬರೆಯುತ್ತೇವೆ. ನಮಗೆ ರೂಢಿಯಿಂದ ಸಲೀಸಾದ ಈ ದಾರಿ ಅಂಥ ಮಗುವಿಗೆ ಪ್ರತಿದಿನವೂ ಕಡಿದಾದ ಏರು.

ಇನ್ನು ಯಂತ್ರದ ವಿಚಾರ. 1976ರಲ್ಲಿ ಅಮೆರಿಕದ ರೇ ಕರ್ಜ್‌ವೀಲ್ ಅವರು ಅಂಧರಿಗಾಗಿ ಮುದ್ರಿತ ಪುಟವನ್ನು ಓದಿ ಹೇಳುವ ಯಂತ್ರವನ್ನು ಹೊರತಂದರು. ಅಂದು ದೊಡ್ಡ ಪೆಟ್ಟಿಗೆಯಾಗಿದ್ದ ಆ ವಿದ್ಯೆ ಇಂದು ಅಂಗೈಯಗಲದ ಮೊಬೈಲಿನಲ್ಲಿ ಅಡಗಿದೆ, ಕನ್ನಡವನ್ನೂ ಓದುತ್ತದೆ. ಇದನ್ನು ಒಬ್ಬನಿಗೆ ಕೊಡುವುದು ಪಕ್ಷಪಾತವೇ? ಊಟದ ಪಂಕ್ತಿಯನ್ನು ನೆನೆಯಿರಿ. ಒಬ್ಬರ ಎಲೆಗೆ ತುಪ್ಪ ಬಡಿಸಿ ಪಕ್ಕದವರನ್ನು ದಾಟಿ ಹೋಗುವುದು ಪಂಕ್ತಿಭೇದ. ಹಲ್ಲಿಲ್ಲದ ವೃದ್ಧರಿಗೆ ರೊಟ್ಟಿಯ ಬದಲು ಮೆತ್ತಗಿನ ಅನ್ನ ಬಡಿಸಿದರೆ ಅದನ್ನು ಯಾರೂ ಪಂಕ್ತಿಭೇದವೆನ್ನರು. ಎಲ್ಲರ ಹಸಿವೂ ಹಿಂಗಬೇಕೆಂಬುದು ಪಂಕ್ತಿಯ ಧರ್ಮವೇ ಹೊರತು ಎಲ್ಲರೂ ರೊಟ್ಟಿಯನ್ನೇ ಅಗಿಯಬೇಕೆಂಬುದಲ್ಲ. ನಮ್ಮ ದೇಶದ ಕಾನೂನೂ ಇದನ್ನು ಒಪ್ಪಿದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಕಲಿಕೆಯ ಈ ನ್ಯೂನತೆಯನ್ನು ಬೇಗನೆ ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳಬೇಕೆಂದೂ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮುಂತಾದ ಅನುಕೂಲಗಳಿರಬೇಕೆಂದೂ ವಿಧಿಸಿದೆ.

ಆದರೂ ಒಂದು ಆಕ್ಷೇಪಣೆ ಉಳಿಯುತ್ತದೆ: ಯಂತ್ರವೇ ಓದುವುದಾದರೆ ಮಗು ಓದಲು ಕಲಿಯುವುದು ಯಾವಾಗ? ಇದು ತೂಕವುಳ್ಳ ಮಾತು. ಇಲ್ಲಿ ಎರಡು ಉದ್ದೇಶಗಳನ್ನು ಬೇರ್ಪಡಿಸಿ ನೋಡಬೇಕು. ಇತಿಹಾಸವನ್ನೋ ವಿಜ್ಞಾನವನ್ನೋ ತಿಳಿಯುವುದು ಗುರಿಯಾದಾಗ ಕಿವಿಯಿಂದ ಬಂದ ತಿಳಿವು ಕಣ್ಣಿನಿಂದ ಬಂದುದಕ್ಕಿಂತ ಕೀಳಲ್ಲ. ಓದುವುದೇ ಗುರಿಯಾದ ಗಳಿಗೆಯಲ್ಲಾದರೋ ಯಂತ್ರವು ಮಗುವಿನ ಬದಲು ಓದಬಾರದು, ಮಗುವಿನಿಂದ ಓದಿಸಬೇಕು. ಅಂಥ ಸಾಧನಗಳೂ ಇವೆ. ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಗ್ರಾಫೋಗೇಮ್’ ಎಂಬ ಆಟದಲ್ಲಿ ಮಗು ಒಂದು ಧ್ವನಿಯನ್ನು ಕೇಳಿ, ತೆರೆಯ ಮೇಲಿನ ಅಕ್ಷರಗಳಲ್ಲಿ ಅದಕ್ಕೆ ಸರಿಹೊಂದುವುದನ್ನು ಆರಿಸುತ್ತದೆ. ಮಗುವಿನ ಶಕ್ತಿಗೆ ತಕ್ಕಂತೆ ಆಟ ಸುಲಭವೋ ಕಠಿಣವೋ ಆಗುತ್ತದೆ.

ಈ ಆಟದ ಬಗೆಗೆ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಸಮೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಮಕ್ಕಳ ಪದ ಓದುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಏಳಿಗೆ ಕಾಣಲಿಲ್ಲ. ಆದರೆ ಹಿರಿಯರೊಬ್ಬರು ಜೊತೆಗಿದ್ದು ಮಗುವಿನೊಡನೆ ಬೆರೆತು ನಡೆಸಿದ ಕಡೆಗಳಲ್ಲಿ ಫಲ ಕಂಡುಬಂದಿತು. ಇಲ್ಲಿಯೇ ನಮ್ಮ ಪ್ರಶ್ನೆ ಬೇರೊಂದು ರೂಪವನ್ನು ತಾಳುತ್ತದೆ. ಯಂತ್ರ ಕೊಡುವುದು ಅನ್ಯಾಯವಲ್ಲ; ಯಂತ್ರವನ್ನು ಕೊಟ್ಟು ಮಗುವನ್ನು ಮೂಲೆಯಲ್ಲಿ ಕೂರಿಸಿ ನಾವು ಕೈತೊಳೆದುಕೊಳ್ಳುವುದು ಅನ್ಯಾಯ. ಹಣ ಹೊಂದಿಸಿ ಸಾಧನ ತರುವುದು ಒಂದು ದಿನದ ಕೆಲಸ. ತಪ್ಪಿದ ಅಕ್ಷರವನ್ನು ಹತ್ತನೆಯ ಬಾರಿಯೂ ಬೇಸರಿಸದೆ ತಿದ್ದುವುದು ವರ್ಷಗಳ ಕೆಲಸ; ಅದನ್ನು ಯಂತ್ರಕ್ಕೆ ವಹಿಸಿ ಬಿಡಲಾಗದು.

ವಾಚಕರಲ್ಲಿ ಅನೇಕರು ಉಪಾಧ್ಯಾಯರು, ಶಾಲೆಗಳ ಆಡಳಿತದಲ್ಲಿರುವವರು, ಮಕ್ಕಳನ್ನು ಬೆಳೆಸುತ್ತಿರುವವರು. ಜಾಣ ಮಗುವೊಂದು ಓದಿನಲ್ಲಿ ಮಾತ್ರ ಹಿಂದುಳಿದುದನ್ನು ಕಂಡರೆ ಬೈಯುವ ಮುನ್ನ ತಜ್ಞರಿಗೆ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇಂಥ ಪರೀಕ್ಷೆಗೆ ಏರ್ಪಾಡಿದೆ. ನಿಮ್ಮೂರಿನ ಶಾಲೆಗೆ ಸಾಧನವೊಂದನ್ನು ದಾನ ಮಾಡುವ ಮನಸ್ಸಾದರೆ ಮಾಡಿರಿ. ಜೊತೆಗೆ, ಆ ಮಗುವಿನ ಪಕ್ಕದಲ್ಲಿ ದಿನವೂ ಅರ್ಧಗಂಟೆ ಕುಳಿತುಕೊಳ್ಳುವವರು ಯಾರೆಂಬುದನ್ನೂ ಅಂದೇ ಗೊತ್ತುಮಾಡಿರಿ.