ಜೋಡಿ ತಪ್ಪಬಾರದು

ಕೋಲಾಟಕ್ಕೆ ಬೆಸ ಸಂಖ್ಯೆ ಆಗಿಬರುವುದಿಲ್ಲ. ಎಂಟಾಗಲಿ, ಹನ್ನೆರಡಾಗಲಿ, ಹದಿನಾರಾಗಲಿ, ಆಡುವವರು ಜೋಡಿಯಾಗಿಯೇ ಇರಬೇಕು. ಹದಿನಾರು ಮಂದಿಯ ತಂಡದಲ್ಲಿ ಒಬ್ಬರು ಬರದಿದ್ದರೆ ಆಟಕ್ಕೆ ಉಳಿಯುವವರು ಹದಿನಾಲ್ಕೇ ಮಂದಿ. ಹದಿನೈದನೆಯವರು ಎರಡು ಕೋಲು ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಲ್ಲಬೇಕು. ಒಬ್ಬರು ತಪ್ಪಿಸಿಕೊಂಡರೆ ಇಬ್ಬರು ಹೊರಗುಳಿಯುವ ಈ ಲೆಕ್ಕವನ್ನು ಯಾರೂ ನಿಯಮವೆಂದು ಬರೆದಿಟ್ಟಿಲ್ಲ, ಆಟದ ಕಟ್ಟೇ ಹಾಗಿದೆ. ಬಲಕ್ಕೆ ತಿರುಗಿ ಹೊಡೆದರೆ ಅಲ್ಲೊಂದು ಕೋಲು ಕಾದಿರಬೇಕು, ಎಡಕ್ಕೆ ತಿರುಗಿದರೆ ಅಲ್ಲೂ ಒಂದಿರಬೇಕು.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರದ ಕಡೆ ಉದ್ಯಾನದ ಮೂಲೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ಸಂಜೆ ಹೊತ್ತು ಕೋಲಿನ ಸದ್ದು ಕೇಳಿಸುವುದುಂಟು. ಹೆಚ್ಚಿನವರು ಗೃಹಿಣಿಯರು, ನಿವೃತ್ತ ಶಿಕ್ಷಕಿಯರು, ಬ್ಯಾಂಕಿನ ಕೆಲಸ ಮುಗಿಸಿ ನೇರ ಬಂದವರು, ಜೊತೆಗೆ ಅಮ್ಮನ ಸೆರಗು ಹಿಡಿದು ಬಂದ ಮಕ್ಕಳು. ಭಜನಾ ಮಂಡಳಿಯಾಗಿ ಶುರುವಾದದ್ದು ಕೋಲಾಟದ ತಂಡವಾಗಿರುತ್ತದೆ, ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆಂದು ಕಲಿತದ್ದು ಅಲ್ಲಿಗೇ ನಿಲ್ಲದೆ ಮುಂದುವರಿದಿರುತ್ತದೆ. ಗಣೇಶನ ಮೆರವಣಿಗೆ, ದಸರೆ, ನವೆಂಬರಿನ ರಾಜ್ಯೋತ್ಸವ, ಅಣ್ಣಮ್ಮ ದೇವಿಯ ಉತ್ಸವ ಎಂದು ವರ್ಷಕ್ಕೆ ಕೆಲವು ಬಾರಿ ಬೀದಿಗೆ ಬರುತ್ತಾರೆ. ಉಳಿದ ದಿನವೆಲ್ಲ ಅಭ್ಯಾಸ. ಸಂಬಳವಿಲ್ಲ, ಬಿರುದಿಲ್ಲ. ಹಾಗಾದರೆ ಇವರು ಬರುವುದು ಯಾತಕ್ಕೆ? ವ್ಯಾಯಾಮಕ್ಕೆ ಎಂದರೆ ಬಿರುಸು ನಡಿಗೆ ಸಾಕಿತ್ತು. ಕಲೆಯ ಉಳಿವಿಗೆ ಎಂಬ ಮಾತು ವೇದಿಕೆಯ ಮೇಲೆ ಒಪ್ಪುತ್ತದೆ; ಸೊಂಟ ಹಿಡಿದುಕೊಂಡ ಸಂಜೆ ಅದು ಯಾರನ್ನೂ ಮನೆಯಿಂದ ಎಬ್ಬಿಸಿ ತರುವುದಿಲ್ಲ. ಎಬ್ಬಿಸಿ ತರುವುದು ಒಂದು ಫೋನ್ ಕರೆ: “ಅಕ್ಕಾ, ನೀವು ಬರ್ಲಿಲ್ಲಾಂದ್ರೆ ಜೋಡಿ ತಪ್ಪುತ್ತೆ.”

ಈ ಮಾತಿನ ತೂಕ ತಿಳಿಯಬೇಕಾದರೆ ಅದನ್ನು ಆಡುವ ಊರನ್ನು ನೋಡಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಬಡಾವಣೆಯಾಗಿ ಹುಟ್ಟಿದ್ದು ರಾಜಾಜಿನಗರ. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಡುವೆ ಬಡಾವಣೆಯ ಮೇಲೆ ಬಡಾವಣೆ ಎದ್ದು, ಆ ರಸ್ತೆಗಳ ಆಚೆ ತುದಿಯ ಕುಣಿಗಲ್, ಮಾಗಡಿ, ಮಂಡ್ಯ, ನಾಗಮಂಗಲದ ಕಡೆಯವರು ಇಲ್ಲಿ ಬಂದು ಸೈಟು ಕೊಂಡು ನೆಲೆ ನಿಂತರು. ಬಿಟ್ಟು ಬಂದ ಊರಿನಲ್ಲಿ ಕೋಲಾಟವೆಂದರೆ ಬಹುಮಟ್ಟಿಗೆ ಗಂಡಸರದು. ಸುಗ್ಗಿ ಮುಗಿದ ಮೇಲೆ ಬೆಳದಿಂಗಳಲ್ಲಿ ಮೇಷ್ಟ್ರು ಹೇಳಿಕೊಡುತ್ತಿದ್ದರು. ಆಡುವವರನ್ನು ಹುಡುಕಬೇಕಾದ ಪ್ರಮೇಯವಿರಲಿಲ್ಲ; ಯಾರು ಊರಲ್ಲಿದ್ದಾರೆ, ಯಾರು ಸಂತೆಗೆ ಹೋಗಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನಗರದಲ್ಲಿ ಕ್ರಾಸು, ಮೇನುಗಳ ನಂಬರು ಗೊತ್ತಿರುತ್ತದೆ, ಎದುರು ಮನೆಯವರ ಹೆಸರು ಗೊತ್ತಿರುವುದಿಲ್ಲ. ಇಲ್ಲಿ ಹದಿನಾರು ಮಂದಿ ತಾವಾಗಿ ಸಿಗುವುದಿಲ್ಲ, ಒಬ್ಬೊಬ್ಬರನ್ನೇ ಕರೆದು ಕೂಡಿಸಬೇಕು. ಹಾಗೆ ಕೂಡಿಸುವ ಕೆಲಸವನ್ನು ಹೆಂಗಸರು ಕೈಗೆತ್ತಿಕೊಂಡಾಗ ಆಟವೂ ಅವರದಾಯಿತು.

2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಬಂದ ಮೆಟ್ರೊ 2021ರಲ್ಲಿ ಕೆಂಗೇರಿ ಮುಟ್ಟಿತು. ಬೆಳಗಿನ ಹೊತ್ತು ವಿಜಯನಗರದಲ್ಲಿ ಹತ್ತಿ ನೋಡಿ: ಒಬ್ಬರು ಎದ್ದ ಸೀಟು ರೈಲು ನಿಲ್ಲುವ ಮೊದಲೇ ತುಂಬಿರುತ್ತದೆ. ದೊಡ್ಡ ಊರು ನಡೆಯುವುದೇ ಹೀಗೆ, ಯಾರು ಇಳಿದರೂ ಓಟ ನಿಲ್ಲಬಾರದು. ಕಚೇರಿಯಲ್ಲಿ ರಜೆ ಹಾಕಿದವರ ಕೆಲಸ ಮತ್ತೊಬ್ಬರ ಮೇಜಿಗೆ ಹೋಗುತ್ತದೆ. ಇನ್ನೂರು ಮಂದಿಯ ವಾಟ್ಸಾಪ್ ಗುಂಪಿನಲ್ಲಿ ತಿಂಗಳುಗಟ್ಟಲೆ ಮೌನವಾಗಿದ್ದರೂ ಯಾಕೆಂದು ಕೇಳುವವರಿಲ್ಲ. ಇದರಲ್ಲಿ ಒಂದು ಬಿಡುಗಡೆಯೂ ಇದೆ, ಅದನ್ನು ಅಲ್ಲಗಳೆಯಬಾರದು; ಊರಿನ ಕಣ್ಣು ತಪ್ಪಿಸಿ ಉಸಿರಾಡಲೆಂದೇ ಅನೇಕರು ಬೆಂಗಳೂರಿಗೆ ಬಂದವರು. ಆದರೆ ನಾವಿಲ್ಲದಿದ್ದರೂ ಏನೂ ನಿಲ್ಲುವುದಿಲ್ಲ ಎಂಬ ತಿಳಿವು ವರ್ಷಗಳುದ್ದಕ್ಕೂ ಒಳಗೆ ಇಳಿಯುತ್ತ ಹೋದರೆ, ನಾವು ಇದ್ದದ್ದರಿಂದ ಏನಾಯಿತು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಕೋಲಾಟದ ತಂಡ ಈ ಪ್ರಶ್ನೆಗೆ ತತ್ವಶಾಸ್ತ್ರದ ಉತ್ತರ ಕೊಡುವುದಿಲ್ಲ, ಜೊತೆಗೊಬ್ಬರನ್ನು ಕೊಡುತ್ತದೆ.

ಕೋಲು ಹಿಡಿದು ಕುಣಿಯುವುದು ನಮ್ಮೊಬ್ಬರದೇ ಸೊತ್ತಲ್ಲ. ಗುಜರಾತಿನ ದಾಂಡಿಯಾ ಉಂಟು, ಕೇರಳದ ಕೋಲ್‌ಕಳಿ ಉಂಟು, ಇಂಗ್ಲೆಂಡಿನ ಮಾರಿಸ್ ಕುಣಿತದಲ್ಲೂ ಕೋಲಿಗೆ ಕೋಲು ತಾಗುತ್ತದೆ. ಕೊಡಗಿನಲ್ಲಿ ಪುತ್ತರಿ ಹಬ್ಬಕ್ಕೆ ಮಂದ್ ಎಂಬ ಊರ ಬಯಲುಗಳಲ್ಲಿ ಗಂಡಸರು ಕೋಲಾಟ ಆಡುತ್ತಾರೆ. ವಿಜಯನಗರದ ಒಂದು ಭಾಗಕ್ಕೆ ಹಂಪಿನಗರವೆಂದು ಹೆಸರಿದೆ. ಆ ಹೆಸರಿನ ಮೂಲದ ಹಂಪಿಯಲ್ಲಿ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕೋಲು ಹಿಡಿದು ಕುಣಿಯುವ ಹೆಂಗಸರ ಸಾಲನ್ನು ಶಿಲ್ಪಿಗಳು ಕೆತ್ತಿದ್ದಾರೆ. ಅಮೆರಿಕ, ಜಪಾನುಗಳಲ್ಲಿ ಇನ್ನೊಂದು ಬಗೆಯಿದೆ: ಬ್ಯಾಟನ್ ಟ್ವರ್ಲಿಂಗ್. ವಾದ್ಯವೃಂದದ ಮುಂದೆ ಲೋಹದ ಕೋಲನ್ನು ಗಿರಗಿರನೆ ತಿರುಗಿಸಿ, ಮೇಲಕ್ಕೆಸೆದು, ಅದು ಇಳಿಯುವಷ್ಟರಲ್ಲಿ ತಾವೊಂದು ಸುತ್ತು ತಿರುಗಿ ಹಿಡಿಯುತ್ತಾರೆ. ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1980ರಲ್ಲಿ ಸಿಯಾಟಲ್‌ನಲ್ಲಿ ನಡೆಯಿತು. ಅಲ್ಲಿಯೂ ತಂಡಗಳ ಬೆನ್ನಿಗೆ ನಿಂತವರು ಉಡುಪು ಹೊಲಿಯುವ ಅಮ್ಮಂದಿರು, ವ್ಯಾನು ಓಡಿಸುವ ಅಪ್ಪಂದಿರೇ.

ಆದರೂ ಎರಡರ ನಡುವೆ ಒಂದು ದೊಡ್ಡ ಅಂತರವಿದೆ. ಬ್ಯಾಟನ್ ಹಿಡಿದವಳಿಗೆ ಇರುವ ಭಯ ಕೋಲು ಕೆಳಗೆ ಬಿದ್ದೀತು ಎಂಬುದು. ಕೋಲಾಟದವಳಿಗೆ ಇರುವ ಭಯ ಎದುರಿನವಳ ಬೆರಳಿಗೆ ಪೆಟ್ಟು ಬಿದ್ದೀತು ಎಂಬುದು. ಒಂದು ಅಡಿಯಿಂದ ಒಂದೂವರೆ ಅಡಿ ಉದ್ದದ ಗಟ್ಟಿ ಮರದ ಕೋಲದು, ತಪ್ಪಿದರೆ ಚೆನ್ನಾಗಿಯೇ ನೋಯುತ್ತದೆ. ಅಲ್ಲಿ ತಪ್ಪು ತನ್ನದು, ನಾಚಿಕೆಯೂ ತನ್ನದೇ. ಇಲ್ಲಿ ತಪ್ಪು ತನ್ನದು, ನೋವು ಇನ್ನೊಬ್ಬಳದು. ಆದ್ದರಿಂದಲೇ ಹೊಸಬರಿಗೆ ಮೊದಲು ಕಲಿಸುವುದು ಹೆಜ್ಜೆಯನ್ನು. ಕೋಲು ಬೀಸುವ ಬಿರುಸು ಆಮೇಲಿನ ಮಾತು. ಮೈಗೆ ಲಯ ಹಿಡಿಯುವ ತನಕ ಕೈಯ ಬಲಕ್ಕೆ ಬೆಲೆಯಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಈ ಹೆಂಗಸರು ಮನೆಯಲ್ಲಿ ಈಗಾಗಲೇ ಎಲ್ಲರಿಗೂ ಬೇಕಾದವರು. ಒಂದು ದಿನ ಊರಿಗೆ ಹೋದರೆ ಮನೆಯ ಲಯವೇ ತಪ್ಪುತ್ತದೆ. ಹಾಗಿರುವಾಗ ಅವರನ್ನು ಇನ್ನೊಂದು ಕಡೆಗೂ ಅನಿವಾರ್ಯ ಮಾಡಿ ಹೊರೆ ಹೆಚ್ಚಿಸುವುದು ಯಾವ ಪುರುಷಾರ್ಥಕ್ಕೆ? ಈ ಆಕ್ಷೇಪಕ್ಕೆ ನನಗೆ ಹೊಳೆಯುವ ಉತ್ತರ ಇಷ್ಟು: ಬೇಕಾಗುವುದರಲ್ಲಿ ಎರಡು ಬಗೆ. ಮನೆಯಲ್ಲಿ ಆಕೆ ಬೇಕಾಗುವುದು ಬಹುಪಾಲು ಕೆಲಸಕ್ಕೆ. ಆಕೆ ಇಲ್ಲವೆಂದರೆ ತಿಂಡಿ ಇಲ್ಲ, ಡಬ್ಬಿ ಇಲ್ಲ, ಇಸ್ತ್ರಿ ಇಲ್ಲ. ದುಡ್ಡಿದ್ದರೆ ಅದಕ್ಕೆಲ್ಲ ಬದಲಿ ವ್ಯವಸ್ಥೆಯೂ ಉಂಟು. ಕೋಲಾಟದಲ್ಲಿ ಆಕೆ ಬೇಕಾಗುವುದು ಜೊತೆಗೆ. ಆಕೆಯ ಕೈ ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ತಿರುವಿನಲ್ಲಿ ಕೂದಲೆಳೆ ತಡವಾಗುತ್ತಾಳೆ ಎಂಬುದನ್ನು ಜೋಡಿಯವಳ ಮೈ ಕಲಿತಿರುತ್ತದೆ. ಬದಲಿಗೆ ಬಂದವರು ಎಷ್ಟೇ ಚೆನ್ನಾಗಿ ಆಡಲಿ, ಆ ಕಲಿಕೆ ಮೊದಲಿನಿಂದ ಶುರುವಾಗಬೇಕು. ಬದುಕಿನಲ್ಲಿ ಮನುಷ್ಯರಿಗೆ ಎರಡನೆಯ ಬಗೆಯಲ್ಲಿ ಬೇಕಾಗುವ ಅವಕಾಶ ಬಹಳ ಕಡಿಮೆ. ಮದುವೆಯಾಗಿ, ಮಕ್ಕಳು ಬೆಳೆದು, ನಿವೃತ್ತಿಯಾದ ಮೇಲಂತೂ ಅದು ಇನ್ನೂ ವಿರಳ.

ಆಡದವರ ಮಾತನ್ನೂ ಆಡಬೇಕು. ತಂಡದ ಸುತ್ತ ಅವರದೇ ಒಂದು ಸಂಸಾರವಿರುತ್ತದೆ. ಉದ್ಯಾನದಲ್ಲಿ ಜಾಗಕ್ಕೆ ಒಪ್ಪಿಗೆ ಕೇಳುವವರು, ಟೆಂಪೊ ಗೊತ್ತು ಮಾಡುವವರು, ಒಂದೇ ಬಣ್ಣದ ಸೀರೆಗೆ ಚಿಕ್ಕಪೇಟೆ ಸುತ್ತುವವರು, ಮೆರವಣಿಗೆಯ ದಿನ ಪುಳಿಯೋಗರೆ ಪೊಟ್ಟಣ ಕಟ್ಟುವವರು, ಸಣ್ಣ ಮಕ್ಕಳನ್ನು ಜಾರುಬಂಡೆಯ ಹತ್ತಿರ ನೋಡಿಕೊಳ್ಳುವ ಅಜ್ಜಂದಿರು. ಜಡೆ ಕೋಲಾಟದಲ್ಲಿ ಇವರ ಪಾತ್ರ ಕಣ್ಣಿಗೇ ಕಾಣುತ್ತದೆ. ಬಣ್ಣದ ಹಗ್ಗಗಳನ್ನು ಮರದ ಕೊಂಬೆಗೋ ಒಂದು ಕಂಬದ ತುದಿಗೋ ಕಟ್ಟಿ, ಒಂದೊಂದರ ತುದಿಯನ್ನು ಒಬ್ಬೊಬ್ಬರು ಹಿಡಿದು, ಅರ್ಧ ಮಂದಿ ಒಂದು ದಿಕ್ಕಿಗೆ ಅರ್ಧ ಮಂದಿ ಎದುರು ದಿಕ್ಕಿಗೆ ಒಳಗೆ ಹೊರಗೆ ನುಸುಳುತ್ತ ಸುತ್ತಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಬಯಲಿನಲ್ಲಿ ಮರವಿಲ್ಲದ ಕಡೆ ಆ ಕಂಬವನ್ನು ಒಬ್ಬರು ನಡುವೆ ನಿಂತು ಹಿಡಿದಿರಬೇಕು. ಎಷ್ಟೋ ಸಲ ಹಾಗೆ ನಿಲ್ಲುವವರು ಯಾರಾದರೊಬ್ಬರ ಯಜಮಾನರು. ಅವರು ಕುಣಿಯುವಂತಿಲ್ಲ, ಅಲುಗುವಂತಿಲ್ಲ. ನೆತ್ತಿಯ ಮೇಲೆ ಏಳುತ್ತಿರುವ ಜಡೆಯನ್ನು ಕತ್ತೆತ್ತಿ ನೋಡುವಂತೆಯೂ ಇಲ್ಲ. ಚಪ್ಪಾಳೆ ಸುತ್ತುವವರಿಗೆ ಸಲ್ಲುತ್ತದೆ. ಜೀವನವಿಡೀ ತಮ್ಮ ಸುತ್ತ ಮನೆ ತಿರುಗಿದ್ದನ್ನು ಸಹಜವೆಂದುಕೊಂಡ ಗಂಡಸು ಅರ್ಧ ಗಂಟೆ ಹೀಗೆ ಕಂಬ ಹಿಡಿದು ನಿಂತರೆ, ಅದು ಆಧಾರವಾಗಿ ನಿಲ್ಲುವುದರ ಒಂದು ಪಾಠವೇ ಸರಿ.

ಬಸವೇಶ್ವರನಗರದಂಥ ಹೆಸರಿನ ಬಡಾವಣೆಯಲ್ಲಿ ಈ ದುಡಿಮೆಯನ್ನು ಕಾಯಕವೆನ್ನೋಣವೇ, ದಾಸೋಹವೆನ್ನೋಣವೇ ಎಂದು ಕೇಳಿಕೊಳ್ಳಬಹುದು. ಕಾಯಕದಲ್ಲಿ ಹೊಟ್ಟೆಪಾಡೂ ಸೇರಿದೆ, ಇಲ್ಲಿ ಅದಿಲ್ಲ. ದಾಸೋಹದಲ್ಲಿ ಕೊಡುವವರು, ಪಡೆಯುವವರು ಎಂದು ಎರಡು ಪಂಕ್ತಿ ಕಾಣುತ್ತದೆ, ಇಲ್ಲಿ ಅದೂ ಇಲ್ಲ. ಹೊಡೆದ ಕೋಲೇ ಪೆಟ್ಟನ್ನು ತಡೆಯುವ ಕೋಲು. ಕೊಟ್ಟ ಗಳಿಗೆಯಲ್ಲೇ ಪಡೆದದ್ದೂ ಆಗಿರುತ್ತದೆ. ಹೀಗಾಗಿ ಯಾರಿಗೂ ಯಾರ ಋಣವೂ ಉಳಿಯುವುದಿಲ್ಲ. ಸೇವೆ ಎಂಬ ಮಾತಿಗೆ ಅಂಟಿಕೊಳ್ಳುವ ಸಣ್ಣ ಅಹಂಕಾರಕ್ಕೂ ಇಲ್ಲಿ ಜಾಗ ಸಿಗುವುದಿಲ್ಲ.

ಜಡೆ ಹೆಣೆಯುವುದು ಆಟದ ಅರ್ಧ. ಉಳಿದರ್ಧ ಅದನ್ನು ಬಿಚ್ಚುವುದು. ಬಂದ ಹೆಜ್ಜೆಗಳನ್ನೇ ಹಿಂದುಮುಂದಾಗಿ ಹಾಕಬೇಕು, ಒಬ್ಬರು ದಾರಿ ಮರೆತರೂ ಹಗ್ಗ ಗಂಟಾಗುತ್ತದೆ. ಕೊನೆಗೆ ಕಂಬವೊಂದು, ಹಗ್ಗಗಳು ಕೆಲವು, ಅಷ್ಟೇ. ಒಂದು ಸೈಟು ಖಾಲಿ ಬಿದ್ದರೆ ನಷ್ಟವೆಂದು ಭಾವಿಸುವ ಊರಿನಲ್ಲಿ, ಏನನ್ನೂ ಉಳಿಸದ ಕೆಲಸಕ್ಕೆ ಇಷ್ಟು ಮಂದಿ ಇಷ್ಟು ಹೊತ್ತು ಕೊಡುತ್ತಾರೆ. ಇದೇ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಮುಂದೆ ಹೋದರೆ ರಾಮನಗರದ ಹತ್ತಿರ ಜಾನಪದ ಲೋಕ ಸಿಗುತ್ತದೆ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಹಳ್ಳಿಯ ಬದುಕಿನ ಸಾಮಾನು ಸರಂಜಾಮು, ಹಾಡು, ವಾದ್ಯಗಳನ್ನು ಅಲ್ಲಿ ಕಾಪಿಟ್ಟರು. ಅದು ನಾಡಿಗೆ ದೊಡ್ಡ ಉಪಕಾರ. ಆದರೆ ಕೋಲನ್ನು ಗಾಜಿನ ಪೆಟ್ಟಿಗೆಯಲ್ಲಿಡಬಹುದು, ಹಾಡನ್ನು ಧ್ವನಿಮುದ್ರಿಸಬಹುದು. ಜೋಡಿಯನ್ನು ಮಾತ್ರ ಸಂಗ್ರಹಿಸಿಡಲಾಗದು. ಅದು ಪ್ರತಿ ಸಂಜೆ ಹೊಸದಾಗಿ ಆಗಬೇಕು.

ಹಾಗೆಂದು ಎಲ್ಲವೂ ಸೊಗಸಾಗಿದೆ ಎನ್ನಲಾಗದು. ಬಾಯಲ್ಲಿ ಹಾಡಿಕೊಳ್ಳುತ್ತಿದ್ದ ಪದಗಳ ಜಾಗಕ್ಕೆ ಸ್ಪೀಕರಿನ ಹಾಡು ಬಂದಿದೆ. ಹಾಡುವವರಿದ್ದರೆ ಸುಸ್ತಾದವರನ್ನು ನೋಡಿ ಲಯ ತಗ್ಗಿಸುತ್ತಾರೆ. ಸ್ಪೀಕರಿಗೆ ಆ ಕರುಣೆ ಇಲ್ಲ. ಕೆಲವು ಮೆರವಣಿಗೆಗಳಲ್ಲಿ ಅತಿಥಿಗಳ ಕಾರು ಬರುವ ತನಕ ಈ ಹೆಂಗಸರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸುವುದುಂಟು. ಆಗ ಆಡಲು ಬಂದವರು ತೋರಣವಾಗುತ್ತಾರೆ. ಇವೆರಡಕ್ಕಿಂತ ಕಠಿಣವಾದದ್ದು ತಂಡದ ಒಳಗಿನ ಪರೀಕ್ಷೆ: ಮಂಡಿ ನೋವಿನವರನ್ನು ಏನು ಮಾಡುವುದು? ಸ್ಪರ್ಧೆಯ ಬಹುಮಾನ ಕಣ್ಣಮುಂದೆ ಇದ್ದಾಗ, ಕೂತು ಎದ್ದು ಹೊಡೆಯಲಾಗದ ಅರವತ್ತೈದರ ಅಕ್ಕನನ್ನು ಮೆಲ್ಲಗೆ ಹಿಂದೆ ಸರಿಸುವ ಮನಸ್ಸಾಗುತ್ತದೆ. ಸರಿಸಿದ ದಿನವೇ ಆ ತಂಡವೂ ಮೆಟ್ರೊ ಬೋಗಿಯಾಯಿತು. ಎದ್ದವರ ಜಾಗಕ್ಕೆ ಬೇರೆಯವರು. ಆಕೆಗಾಗಿ ಒಂದು ವರಸೆಯನ್ನು ಸುಲಭ ಮಾಡಿಕೊಂಡರೆ ಬಹುಮಾನ ತಪ್ಪಬಹುದು, ತಂಡ ಉಳಿಯುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ನಿಧಾನದವರ ಲಯಕ್ಕೆ ಹೊಂದಿಕೊಳ್ಳಬಲ್ಲ ತಂಡವೇ ಒಳ್ಳೆಯ ತಂಡ.

ನಿಮ್ಮ ಬಡಾವಣೆಯಲ್ಲೂ ಇಂಥದೊಂದು ತಂಡವಿದ್ದೀತು. ಮುಂದಿನ ಸಲ ಸದ್ದು ಕೇಳಿಸಿದಾಗ ಮೊಬೈಲು ತೆಗೆದು ವಿಡಿಯೊ ಮಾಡುವ ಮೊದಲು ಸುತ್ತ ಒಮ್ಮೆ ನೋಡಿ. ಯಾರಾದರೂ ಕೋಲು ಹಿಡಿದು ಪಕ್ಕದಲ್ಲಿ ನಿಂತಿದ್ದರೆ ಅವರ ಜೋಡಿ ಅಂದು ಬಂದಿಲ್ಲವೆಂದು ಅರ್ಥ. ಆಟ ಬರುವುದಿಲ್ಲ ಎಂದು ಸಂಕೋಚಪಡಬೇಡಿ. ಹೋಗಿ ಎದುರಿಗೆ ನಿಲ್ಲಿ, ಹೆಜ್ಜೆಯನ್ನು ಅವರು ಹೇಳಿಕೊಡುತ್ತಾರೆ.