ಸಾಕು ಎನ್ನುವ ಅಳತೆ

ಬೆಂಗಳೂರಿನ ವಿಜಯನಗರದ ಛತ್ರವೊಂದರಲ್ಲಿ ಮದುವೆಯೂಟದ ಎರಡನೇ ಪಂಕ್ತಿ. ಹೋಳಿಗೆ ಬಡಿಸುವವರು ಬಾಗಿದೊಡನೆ ಅಜ್ಜಿಯೊಬ್ಬರು ಎರಡೂ ಕೈ ಎಲೆಗೆ ಅಡ್ಡ ಹಿಡಿದು, 'ಬೇಡಪ್ಪಾ, ಸಾಕು' ಎನ್ನುತ್ತಾರೆ. ಪಕ್ಕದಲ್ಲಿ ಕೂತ ಮೊಮ್ಮಗ ಮೂರನೆಯದನ್ನು ಹಾಕಿಸಿಕೊಂಡು, ತುಪ್ಪ ಬರಲೆಂದು ಕಾಯುತ್ತಾನೆ. ಇಬ್ಬರ ಎಲೆಯೂ ಕೊನೆಗೆ ಖಾಲಿ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯನ್ನು ಬಿಡಿಸಿ ನೋಡಲು ಆ ಎರಡು ಎಲೆಗಳಿಂದಲೇ ಶುರು ಮಾಡಬಹುದು.

ಗಾದೆ ಅಮೃತದ ಹೆಸರೆತ್ತಿದೆ. ಕೆಟ್ಟದ್ದು ಹೆಚ್ಚಾದರೆ ಕೆಡುಕು ಎನ್ನಲು ಗಾದೆಯೇ ಬೇಕಿಲ್ಲ. ಒಳ್ಳೆಯದು ಅಳತೆ ಮೀರಿದರೆ ಏನಾಗುತ್ತದೆ ಎಂಬುದು ಅದರ ಚಿಂತೆ. ಉಪಚಾರ ಒಳ್ಳೆಯ ಗುಣ. ಆದರೆ 2012ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತಿದೆ ಎಂದು ಅಂದಾಜಿಸಿತು. ಪ್ರೀತಿಯಿಂದ ಬಡಿಸಿದ ಅನ್ನವೇ ಅದು.

ಹಾಗಾದರೆ ಮಿತಿ ಎಂದರೆ ಎಲ್ಲದರಲ್ಲೂ ಅರ್ಧವೇ? ಅಲ್ಲ ಎಂದ ಗ್ರೀಸಿನ ಅರಿಸ್ಟಾಟಲ್. ಮೈಲೋ ಎಂಬ ಜಟ್ಟಿಗೆ ಸಾಲದ ಊಟ, ಗರಡಿಗೆ ಹೊಸದಾಗಿ ಸೇರಿದವನಿಗೆ ಅತಿಯಾದೀತು. ಹದ ಆಳಿಂದ ಆಳಿಗೆ ಬೇರೆ. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯವಿದೆ. ಕಳವಿಗೆ, ಕೊಲೆಗೆ ಮಾತ್ರ ಹದವೇ ಇಲ್ಲ ಎಂದೂ ಅವನು ಎಚ್ಚರಿಸಿದ. 'ಸ್ವಲ್ಪ ತಾನೇ' ಎಂದು ಲಂಚಕ್ಕೆ ಕೈಚಾಚುವವರಿಗೆ ಈ ಗಾದೆ ಆಸರೆಯಾಗದು.

ವಚನಕಾರ ಬಸವಣ್ಣನ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಗಾದೆಗೆ ಇನ್ನೂ ಆಳವಾದ ಅರ್ಥ ಕೊಟ್ಟ ದಂಪತಿಗಳಿದ್ದರು. ಬಸವಣ್ಣನ ಮನೆಯಾದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ನೋಡಿದವಳೇ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದಳು.

ಫಲವನ್ನು ತೂಗಿ ನೋಡುವ ಬೆಂಥಾಮ್, ಮಿಲ್ ಅವರ ದಾರಿ ಹಿಡಿದರೆ, ಆ ಅಕ್ಕಿಯಿಂದ ಇನ್ನೂ ನಾಲ್ವರ ಹೊಟ್ಟೆ ತುಂಬುತ್ತಿತ್ತಲ್ಲ ಎನ್ನಬೇಕಾದೀತು. ಕರ್ತವ್ಯದ ನಿಯಮವನ್ನು ಮುಂದಿಡುವ ಕಾಂಟ್‌ನ ದಾರಿಯಲ್ಲೂ ಅಲ್ಲಿ ಸುಳ್ಳಿಲ್ಲ, ಕಳವಿಲ್ಲ. ಲಕ್ಕಮ್ಮ ಮಾತ್ರ ಅಕ್ಕಿ ತಂದ ಕೈಯನ್ನು ನೋಡಿದಳು. ಇವತ್ತು ಹೆಚ್ಚು ಬಾಚಿದ ಕೈ ನಾಳೆ ಏನಾದೀತು ಎಂಬ ಪ್ರಶ್ನೆ ಅವಳದು. ಮತ್ತೂ ಒಂದು ಮಾತು: ಆಯುವುದಕ್ಕೆ ಅಳತೆ ಇಟ್ಟ ಆ ಮನೆಯಲ್ಲಿ ನೀಡುವುದಕ್ಕೆ ಅಳತೆ ಇರಲಿಲ್ಲ.

ಮಾರಯ್ಯ ಹೆಚ್ಚಿನ ಅಕ್ಕಿ ಕಟ್ಟಿಕೊಂಡು ಮಹಾಮನೆಯ ಕಡೆ ಹೊರಟ. ಉಳಿದಷ್ಟರಲ್ಲೇ ಅಂದಿನ ದಾಸೋಹ ನಡೆಯಿತು.