ಮೆಟ್ಟಿಲು ಇಳಿಯಲಾಗದವರು



ಲಿಫ್ಟಿನ ಪಕ್ಕದ ಫಲಕವನ್ನು ನಾವೆಲ್ಲ ಓದಿದ್ದೇವೆ: ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ. ಸರಿಯಾದ ಮಾತೇ. ಸಾಮಾನ್ಯ ಲಿಫ್ಟ್ ಓಡಾಡುವ ಜಾಗ ಹೊಗೆಗೂಡಿನಂತೆ ಹೊಗೆಯನ್ನು ಮೇಲಕ್ಕೆಳೆಯುತ್ತದೆ. ಕರೆಂಟು ಹೋದರೆ ಲಿಫ್ಟ್ ನಡುವೆಯೇ ನಿಲ್ಲುತ್ತದೆ, ಇಲ್ಲವೇ ಉರಿಯುವ ಮಹಡಿಯಲ್ಲೇ ಬಾಗಿಲು ತೆರೆದೀತು. ಆದರೆ ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಆ ಫಲಕದಲ್ಲಿ ಒಂದು ಮಾತೂ ಇಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಫ್ಲ್ಯಾಟುಗಳಿಗೆ ಅಪ್ಪ ಅಮ್ಮನನ್ನು ಕರೆದೊಯ್ದಿದ್ದಾರೆ. ಇಲ್ಲಿ ಹೊಸೂರಿನಲ್ಲೂ ಎತ್ತರದ ಕಟ್ಟಡಗಳು ಏಳುತ್ತಿವೆ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದಲ್ಲಿ, 27ನೇ ಮಹಡಿಯಲ್ಲಿ, ಎಡ್ ಬೇಯ ಎಂಬವರಿದ್ದರು. ಕೈಕಾಲುಗಳ ಸ್ವಾಧೀನವಿರಲಿಲ್ಲ. ಅವರ ಗೆಳೆಯ ಏಬ್ ಝೆಲ್ಮನೋವಿಟ್ಜ್ ಯೆಹೂದ್ಯರು. ಅವರು ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಗೆಳೆಯನ ಜೊತೆಗೇ ಉಳಿದರು, ಜೊತೆಗೇ ತೀರಿಕೊಂಡರು. ಇದಕ್ಕಿಂತ ದೊಡ್ಡ ಪ್ರೀತಿ ಯಾವುದು?

ಅದೇ ಗೋಪುರದ 69ನೇ ಮಹಡಿಯಲ್ಲಿ ಜಾನ್ ಅಬ್ರುಝೋ ಇದ್ದರು. ಅವರೂ ಗಾಲಿಕುರ್ಚಿಯವರೇ. 1993ರಲ್ಲಿ ಅಲ್ಲಿ ಬಾಂಬ್ ಸಿಡಿದ ಮೇಲೆ, ನಡೆಯಲಾಗದವರನ್ನು ಮೆಟ್ಟಿಲಲ್ಲಿ ಇಳಿಸುವ ವಿಶೇಷ ಕುರ್ಚಿಗಳನ್ನು ತರಿಸಿಟ್ಟಿದ್ದರು. ಸಹೋದ್ಯೋಗಿಗಳು ಅಂಥದೊಂದರಲ್ಲಿ ಕೂರಿಸಿ 69 ಮಹಡಿ ಇಳಿಸಿದರು. ಅಬ್ರುಝೋ ಬದುಕಿದರು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಸಿವಿಸಿಯಾಗುತ್ತದೆ. ಝೆಲ್ಮನೋವಿಟ್ಜರ ತ್ಯಾಗವನ್ನು ನಾವು ಪ್ರಬೋಧನೆಗಳಲ್ಲಿ ಹೊಗಳುತ್ತೇವೆ. ಹೊಗಳಬೇಕಾದ್ದೇ. ಆದರೆ ಅಂಥ ತ್ಯಾಗ ಬೇಕಾಗುವಂತೆ ಕಟ್ಟಡ ಕಟ್ಟುವುದು ಸರಿಯೇ? ನ್ಯಾಯವಾಗಿ ಸಲ್ಲಬೇಕಾದ್ದನ್ನು ದಾನವೆಂಬಂತೆ ಕೊಡಬಾರದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಶ್ರೀಸಾಮಾನ್ಯರ ಸೇವೆಯ ಕುರಿತ ತನ್ನ ದಾಖಲೆಯಲ್ಲಿ ಹೇಳಿತು. ಯೊವಾನ್ನರ ಶುಭಸಂದೇಶದ 5ನೇ ಅಧ್ಯಾಯದಲ್ಲಿ 38 ವರ್ಷಗಳಿಂದ ರೋಗಿಯಾಗಿದ್ದು ಕೊಳದ ಬಳಿ ಬಿದ್ದಿದ್ದವನ ದೂರೂ ಇದೇ ತಾನೆ? ನೀರು ಕಲಕಿದಾಗ ಕಾಲಿದ್ದವರು ಮೊದಲು ಇಳಿದುಬಿಡುತ್ತಿದ್ದರು.

ದಾರಿ ಇಲ್ಲದಿಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ ಫೈರ್ ಲಿಫ್ಟ್ ಕೇಳುತ್ತದೆ. ಕನಿಷ್ಠ 8 ಜನ, 545 ಕಿಲೋ ಹೊರಬೇಕು. ನೆಲದಿಂದ ಕೊನೆಯ ಮಹಡಿಗೆ ಒಂದು ನಿಮಿಷದೊಳಗೆ ತಲುಪಬೇಕು. ಬೆಂಕಿ ತಡೆಯುವ ಗೋಡೆ ಬಾಗಿಲುಗಳು, ಬೇರೆಯದೇ ವಿದ್ಯುತ್ ವ್ಯವಸ್ಥೆ. ನೆಲಮಹಡಿಯ ಸ್ವಿಚ್ ಹಾಕಿದರೆ ಅದು ಕೆಳಗೆ ಬಂದು, ಆಮೇಲೆ ಒಳಗಿರುವ ಅಗ್ನಿಶಾಮಕರ ಮಾತನ್ನಷ್ಟೇ ಕೇಳುತ್ತದೆ. ಅವರು ಮೇಲೆ ಹೋಗಿ ಜನರನ್ನು ತರಬಹುದು.

ಸ್ವಿಚ್ ಕೆಲಸ ಮಾಡಿದರೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹತ್ತಿ ಉರಿದಾಗ ಅಗ್ನಿಶಾಮಕರಿಗೆ ಲಿಫ್ಟನ್ನು ಹತೋಟಿಗೆ ತೆಗೆದುಕೊಳ್ಳಲು ಆಗಲಿಲ್ಲ. ಆ ಬೆಂಕಿಗೆ 72 ಮಂದಿ ಬಲಿಯಾದರು. ಸಾವಿಗೆ ಬೇರೆ ದೊಡ್ಡ ಕಾರಣಗಳೂ ಇದ್ದವು, ಆದರೂ ಆ ಸ್ವಿಚ್ಚನ್ನು ಮರೆಯಲಾಗದು.

ನಮ್ಮಲ್ಲಿ ಇದೆಲ್ಲ ಬಂದು ನಿಲ್ಲುವುದು ಮೇಂಟೆನೆನ್ಸ್ ಸಭೆಯಲ್ಲಿ. ‘ನಾನಿರುವುದು ಒಂದನೇ ಮಹಡಿ, ನಾನೇಕೆ ಕೊಡಲಿ?’ ಎನ್ನುವವರು ಒಬ್ಬರಾದರೂ ಇರುತ್ತಾರೆ. ಕೊಡಬೇಕು, ಅದೂ ಉಪಕಾರವೆಂದಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಅಗ್ನಿಶಾಮಕರು ಬರುವ ತನಕ ಅಜ್ಜಿಯ ಜೊತೆ ಯಾರು ನಿಲ್ಲಬೇಕು? ಎರಡು ಮಕ್ಕಳ ತಾಯಿಗೆ ‘ನೀನು ನಿಲ್ಲು’ ಎನ್ನುವ ಹಕ್ಕು ನನಗಿಲ್ಲ. ಆದರೆ ಅಜ್ಜಿ ಅಲ್ಲಿದ್ದಾರೆ ಎಂಬುದೇ ಯಾರಿಗೂ ಗೊತ್ತಿಲ್ಲದಂತೆ ಆಗಬಾರದು. ಹೆಸರು, ಮಹಡಿ, ಮನೆ ನಂಬರು ಬರೆದ ಒಂದು ಪಟ್ಟಿ ಗೇಟಿನ ವಾಚ್‌ಮನ್ ಮೇಜಿನ ಮೇಲಿರಲಿ, ತಮಿಳೋ ತೆಲುಗೋ ಹಿಂದಿಯೋ, ಆತನಿಗೆ ಓದಲು ಬರುವ ಭಾಷೆಯಲ್ಲಿ.